ಒಂದು ಚೀಲ ಬೂಸಾ

ನಮ್ಮ ಕಾಲದ ನೋವು ಮಕ್ಕಳ ಕಿವಿಗೆ ಬೀಳೋದು ಬೇಡ ಅಂದೆಯಲ್ಲ ಮಗಾ, ನಾನೂ ಹಾಗೇ ಅಂದುಕೊಂಡಿದ್ದೆ.

ಹೊಸದುರ್ಗದ ಅಂಗಡಿಗೆ ಹಸುವಿನ ಮೇವಿಗೆ ಹೋದರೆ, "ಒಂದು ಚೀಲ ಹಿಂಡಿ, ಒಂದು ಚೀಲ ಅದು" ಅಂತ ಬೆರಳು ತೋರಿಸುತ್ತಿದ್ದೆ. "ಅದಕ್ಕೆ ಹೆಸರಿಲ್ವೇನಪ್ಪಾ?" ಅಂತ ಮಗಳು ಕೇಳಿದಳು. ಗದರಿಬಿಟ್ಟೆ.

ಹೆಸರಿದೆ, ಬೂಸಾ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿ ಅವರು. ಅವರ ಮಾತು ಒಪ್ಪದವರು ಮಾತಿನಲ್ಲೇ ಉತ್ತರಿಸಬಹುದಿತ್ತು. ಉತ್ತರ ಕಲ್ಲಾಗಿ ಬಂತು, ಬಿದ್ದದ್ದು ಹಾಸ್ಟೆಲಿನಲ್ಲಿದ್ದ ನಮ್ಮಂಥ ದಲಿತ ಹುಡುಗರ ಮೇಲೆ. ಕಲ್ಲೆಸೆದ ಗುಂಪಿನಲ್ಲಿ ನನ್ನ ನೋಟ್ಸ್ ಒಯ್ದಿದ್ದವನೂ ಇದ್ದ. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ನಾನು ಹೊಸದುರ್ಗ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಹಣೆಯ ಪಟ್ಟಿ ನೋಡಿದ ಅಪ್ಪನಿಗೆ "ಜಾರಿ ಬಿದ್ದೆ" ಅಂದೆ.

ಅಂದಿನಿಂದ ಬಾಗಿಲು ಬಡಿದರೆ ಮೂರು ಸಲ "ಯಾರು" ಅನ್ನದೆ ಅಗುಳಿ ತೆಗೆದವನಲ್ಲ. ಈಗ ಮಗಳೂ ಹಾಗೇ. ಕಲ್ಲು ಬಿದ್ದದ್ದು ಅವಳಿಗೆ ಗೊತ್ತಿಲ್ಲ, ಬೆಚ್ಚುವುದು ಮಾತ್ರ ಬಂದುಬಿಟ್ಟಿದೆ. ಬಾಯಿ ಮುಚ್ಚಿಕೊಂಡರೆ ಆಗುವುದು ಇಷ್ಟೇ ಮಗಾ: ಕಾರಣ ನಮ್ಮಲ್ಲೇ ಉಳಿಯುತ್ತದೆ, ಭಯ ಮಕ್ಕಳಿಗೆ ಹೋಗುತ್ತದೆ.

ಅದಕ್ಕೇ ಹೇಳು. ಆದರೆ ಮಗು ತಾನೇ ಯಾರದೋ ಮಾತಿಗೆ ನೊಂದು ಬಂದ ದಿನ ನಿನ್ನ ಕತೆ ತೆಗೆಯಬೇಡ; ಅವತ್ತು ಅದರದ್ದು ಕೇಳು. ಇನ್ನೊಂದು ದಿನ, ಕೇಳಿದಷ್ಟಕ್ಕೆ ಉತ್ತರ ಕೊಡು. ಕಲ್ಲಿಗೇ ಕತೆ ಮುಗಿಸಬೇಡ. ಆ ಏಟು ತಿಂದ ಪೀಳಿಗೆಯೇ ಪ್ರೊ. ಬಿ. ಕೃಷ್ಣಪ್ಪನವರ ಜತೆ ದಲಿತ ಸಂಘರ್ಷ ಸಮಿತಿ ಕಟ್ಟಿತು, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಆಯಿತು ಅನ್ನುವುದನ್ನೂ ಹೇಳು. ಕಲ್ಲೆಸೆದವನ ಮಗನನ್ನು ದ್ವೇಷಿಸು ಅನ್ನಬೇಡ, ಎಲ್ಲ ಮರೆತುಬಿಡು ಅಂತಲೂ ಅನ್ನಬೇಡ.

ನಾನು ಹೇಳಿದ್ದು ತಡವಾಗಿ. ಮಗಳು ಏನೂ ಅನ್ನಲಿಲ್ಲ. ಮುಂದಿನ ಸಲ ಅಂಗಡಿಯಲ್ಲಿ ನನ್ನ ಬೆರಳು ಏಳುವ ಮೊದಲೇ, "ಒಂದು ಚೀಲ ಬೂಸಾ ಕೊಡಣ್ಣ" ಅಂದಳು. ಅಂಗಡಿಯವನು ಎತ್ತಿ ಕೊಟ್ಟ, ಅಷ್ಟೆ.