ಮನೆಯ ವೈಫೈಗೆ ಯಾವ ಕಾರ್ಡ್ ಹೊಂದುತ್ತದೆ?



ನಮ್ಮೂರು ಎಲೆಕ್ಟ್ರಾನಿಕ್ ಸಿಟಿಯ ಮಗ್ಗುಲಲ್ಲೇ ಇದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಜಮೀನಿನಲ್ಲಿ ಅದನ್ನು ಸ್ಥಾಪಿಸಿದರು. ಅಲ್ಲಿಯ ಕಂಪನಿಗಳಲ್ಲಿ ಹಳೆಯದಾದ ಕಂಪ್ಯೂಟರ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬರುತ್ತವೆ, ಅಲ್ಲಿಂದ ನಮ್ಮಂಥವರ ಮನೆಗೆ. ಆಫೀಸಿನಲ್ಲಿ ಮೇಜಿನ ಹತ್ತಿರವೇ ಕೇಬಲ್ ಇರುತ್ತೆ. ಹಾಗಾಗಿ ಇಂಥ ಡೆಸ್ಕ್‌ಟಾಪ್‌ಗಳ ಒಳಗೆ ಬಹಳ ಸಲ ವೈಫೈ ಕಾರ್ಡೇ ಇರುವುದಿಲ್ಲ.

ನಮ್ಮ ಮನೆಗೂ ಅಂಥದ್ದೊಂದು ಬಂದಿದೆ. ಅಕ್ಕನ ಡಿಪ್ಲೊಮಾ ಪ್ರಾಜೆಕ್ಟ್‌ಗೆ ಅದು ಬೇಕೇ ಬೇಕು. ಆದರೆ ರೂಟರ್ ಇರೋದು ವಠಾರದ ನಡುಮನೆಯಲ್ಲಿ, ನಮ್ಮತ್ತೆ ಮನೇಲಿ. ಗೋಡೆ ಕೊರೆದು ಕೇಬಲ್ ಎಳೆಯೋಕೆ ಓನರ್ ಬಿಡೋದಿಲ್ಲ. ಅಪ್ಪ ಓಟಿ ಮಾಡಿ ಕೂಡಿಟ್ಟ ದುಡ್ಡಲ್ಲಿ ಒಂದು ಕಾರ್ಡ್ ಬರುತ್ತೆ, ಎರಡನೆಯದಕ್ಕೆ ದುಡ್ಡಿಲ್ಲ. ಅದಕ್ಕೇ ಅಕ್ಕನೂ ನಾನೂ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ವೈಫೈ ಎಂದರೆ ರೇಡಿಯೋ ಅಲೆ. ರೂಟರ್ ಯಾವ ಅಲೆಯಲ್ಲಿ ಮಾತಾಡುತ್ತದೋ ಕಾರ್ಡಿಗೂ ಅದೇ ಅಲೆ ಕೇಳಿಸಬೇಕು. ನಮ್ಮಲ್ಲಿ ಮನೆಗಳಿಗೆ ಹಾಕಿರುವ ರೂಟರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಎರಡು ಬಗೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದು ಅದರ ಅರ್ಧದಷ್ಟು. ಉದ್ದದ ಅಲೆ ಗೋಡೆ ದಾಟುವುದರಲ್ಲಿ ಜಾಣ. ಗಿಡ್ಡದ್ದು ಗೋಡೆಗೆ ಬೇಗ ಸೋಲುತ್ತೆ, ಆದರೆ ಅದರಲ್ಲಿ ಜಾಗ ಜಾಸ್ತಿ, ಕೆಲಸ ಚುರುಕು. ನಮ್ಮ ದೇಶದಲ್ಲಿ 2.4ನ್ನು 2005ರಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟರು. 5ರಲ್ಲಿ ಹೆಚ್ಚಿನ ಭಾಗ ಹೀಗೆ ಸಿಕ್ಕಿದ್ದು 2018ರಲ್ಲಿ.

ಇಲ್ಲೊಂದು ತಮಾಷೆ ಇದೆ. ಎಷ್ಟೋ ರೂಟರ್‌ಗಳು ಎರಡು ಹೆಸರು ತೋರಿಸುತ್ತವೆ, ಒಂದರ ಕೊನೆಗೆ 5ಜಿ ಅಂತ ಇರುತ್ತೆ. ಅದು ಮೊಬೈಲಿನ 5ಜಿ ಅಲ್ಲ! ಮೊಬೈಲಿನದು ಐದನೇ ತಲೆಮಾರು, ನಮ್ಮ ದೇಶಕ್ಕೆ ಬಂದದ್ದು 2022ರಲ್ಲಿ. ರೂಟರಿನದು ಐದು ಗಿಗಾಹರ್ಟ್ಸ್, ಅಷ್ಟೆ. ಮೂರನೇ ಮನೆಯ ಮಾವ ಮೊಬೈಲಿನ 5ಜಿ ಎಂದುಕೊಂಡು ಹೊಸ ಸಿಮ್ಮೇ ತಂದಿದ್ದರು. ಅವರ ಕಂಪ್ಯೂಟರಿನ ಕಾರ್ಡ್ 2.4 ಮಾತ್ರದ್ದು. ಅದಕ್ಕೆ ಆ ಎರಡನೇ ಹೆಸರು ಸಿಮ್ ಎಷ್ಟು ಬದಲಾಯಿಸಿದರೂ ಕಾಣುವುದಿಲ್ಲ.

ಹಾಗಾದರೆ 2.4 ಸಾಕಲ್ಲವಾ, ಗೋಡೆ ದಾಟುತ್ತಲ್ಲ ಎಂದು ನಾನು ಕೇಳಿದೆ. ಬೇರೆ ಊರಲ್ಲಾದರೆ ಸಾಕು. ನಮ್ಮ ಕಡೆ ಸುತ್ತ ಪಿಜಿ ಬಿಲ್ಡಿಂಗ್‌ಗಳು, ಮಹಡಿಗೆ ಎರಡು ಮೂರು ರೂಟರ್. 2.4ರಲ್ಲಿ ಒಂದಕ್ಕೊಂದು ತಾಗದಂತೆ ಕೂರಬಲ್ಲ ಚಾನೆಲ್‌ಗಳು ಮೂರೇ: 1, 6, 11. ಮೂರು ನಲ್ಲಿಗೆ ಇಡೀ ಬೀದಿಯವರು ಬಿಂದಿಗೆ ಹಿಡಿದು ನಿಂತ ಹಾಗೆ. ಸಂಜೆ ಆಫೀಸ್ ಬಸ್ಸುಗಳು ಬಂದ ಮೇಲಂತೂ ಕೇಳಲೇಬೇಡಿ. ಆದ್ದರಿಂದ ಎರಡೂ ಅಲೆ ಹಿಡಿಯುವ ಕಾರ್ಡ್, ಅಂದರೆ ಡ್ಯುಯಲ್ ಬ್ಯಾಂಡ್, ತರುವುದೇ ಸರಿ. ಅಲೆ ಗೋಡೆ ದಾಟಿದರೆ 5, ಇಲ್ಲವಾದರೆ 2.4.

ಡಬ್ಬದ ಮೇಲಿನ ದೊಡ್ಡ ಅಂಕಿಗೆ ಮರುಳಾಗಬೇಡಿ. ಎಸಿ600 ಎಂದು ಬರೆದಿದ್ದರೆ ಅದು 2.4ರ 150 ಮೆಗಾಬಿಟ್ ಮತ್ತು 5ರ 433 ಮೆಗಾಬಿಟ್ ಕೂಡಿಸಿ, ಮೇಲಕ್ಕೆ ಏರಿಸಿ ಬರೆದದ್ದು. ಕಾರ್ಡ್ ಒಂದು ಹೊತ್ತಿಗೆ ಒಂದೇ ಅಲೆ ಹಿಡಿಯುತ್ತೆ. ಈ ಲೆಕ್ಕ ನನಗೆ ಅಷ್ಟು ಪ್ರಾಮಾಣಿಕ ಅನ್ನಿಸಲಿಲ್ಲ. ಎನ್150 ಅಂತ ಇದ್ದರೆ ಸಾಮಾನ್ಯವಾಗಿ 2.4 ಮಾತ್ರ. ಅಕ್ಷರಗಳ ಕಥೆಯೂ ಹಾಗೇ. 802.11 ಎಂಬ ನಿಯಮದ ಎ ಮತ್ತು ಬಿ ಎರಡೂ 1999ರಲ್ಲೇ ಹುಟ್ಟಿದವು. ಎ 5ರಲ್ಲಿ, ಬಿ 2.4ರಲ್ಲಿ. ಒಂದೇ ವರ್ಷದ ಮಕ್ಕಳಾದರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದು! 2003ರ ಜಿ 2.4ರದ್ದಾದ್ದರಿಂದ ಬಿ ಜೊತೆ ಹೊಂದಿಕೊಂಡಿತು. 2009ರ ಎನ್, 2013ರ ಎಸಿ, ಆಮೇಲಿನ ಎಎಕ್ಸ್‌ಗಳನ್ನೇ ಈಗ ವೈಫೈ 4, 5, 6 ಅನ್ನುತ್ತಾರೆ. ಅಲೆ ಒಂದೇ ಆದರೆ ಹೊಸ ರೂಟರ್ ಹಳೆ ಕಾರ್ಡಿನ ಜೊತೆಗೂ ಸಾಮಾನ್ಯವಾಗಿ ಮಾತಾಡುತ್ತೆ, ಆದರೆ ಹಳೆಯದರ ವೇಗದಲ್ಲಿ. ನಮ್ಮ ಕಂಪ್ಯೂಟರಿಂದ ಮಾವನ ಕಂಪ್ಯೂಟರಿಗೆ ಫೈಲ್ ಕಳಿಸಿದರೆ ನಿಧಾನದ ಎತ್ತು ಎಷ್ಟು ನಡೆಯುತ್ತೋ ಗಾಡಿ ಅಷ್ಟೇ.

ಗುಟ್ಟಿನ ಬೀಗವೂ ಹೊಂದಬೇಕು. 2004ರಿಂದ ಡಬ್ಲ್ಯುಪಿಎ2, 2018ರಿಂದ ಡಬ್ಲ್ಯುಪಿಎ3 ಇದೆ. ರೂಟರಿನಲ್ಲಿ ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ ಅದನ್ನರಿಯದ ಹಳೆ ಕಾರ್ಡಿಗೆ ಬಾಗಿಲು ತೆರೆಯದು. ಎರಡೂ ಇರಲಿ ಎಂದು ಬದಲಾಯಿಸಬಹುದು. ಆದರೆ ತೀರಾ ಹಳೆಯ ಕಾರ್ಡಿಗಾಗಿ ಡಬ್ಲ್ಯುಇಪಿ ಬೀಗಕ್ಕೆ ಇಳಿಯಬೇಡಿ, ಅದನ್ನು ಮುರಿಯುವ ದಾರಿ 2001ರಲ್ಲೇ ಬಯಲಾಯಿತು. ನಮ್ಮ ರೂಟರ್ ಮೂರು ಮನೆಗೂ ಒಂದೇ.

ಇನ್ನು ಎಲ್ಲಿ ಚುಚ್ಚುವುದು? ಡಬ್ಬ ಬಿಚ್ಚಿ ಹಾಕುವ ಕಾರ್ಡಾದರೆ ಒಳಗೆ ಪಿಸಿಐ ಎಕ್ಸ್‌ಪ್ರೆಸ್ ಖಾಲಿ ಇದೆಯೇ ನೋಡಬೇಕು. ಹಳೆಯ ಪಿಸಿಐ ಸ್ಲಾಟ್‌ಗೆ ಅದು ಕೂರುವುದೇ ಇಲ್ಲ. ನಾವು ಯುಎಸ್‌ಬಿಯದನ್ನೇ ಆರಿಸಿದೆವು, ಕಂಪ್ಯೂಟರ್ ಕೆಟ್ಟರೂ ಕಾರ್ಡ್ ಕಿತ್ತು ಬೇರೆಯದಕ್ಕೆ ಹಾಕಬಹುದು. ಆದರೆ ಅದನ್ನು ಹಿಂಬದಿಗೆ ಚುಚ್ಚಿದರೆ ಕಬ್ಬಿಣದ ಡಬ್ಬವೇ ಅಲೆಗೆ ಅಡ್ಡ ಬರುತ್ತೆ. ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಕಿಟಕಿ ಹತ್ತಿರ ಇಡೋದು ಒಳ್ಳೇದು.

ಕೊನೆಗೆ ಡ್ರೈವರ್. ನಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಕಾರ್ಡಿನೊಳಗಿನ ಚಿಪ್ ಯಾವುದು, ಲಿನಕ್ಸ್‌ಗೆ ಅದು ಗೊತ್ತಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಒಂದೇ ಹೆಸರಿನ ಕಾರ್ಡಿನಲ್ಲಿ ಚಿಪ್ ಬದಲಾಗುವುದೂ ಉಂಟು, ಆದ್ದರಿಂದ ಡಬ್ಬದ ಮೇಲಿನ ವರ್ಷನ್ ನಂಬರ್ ಕೂಡ ಓದಬೇಕು. ಡ್ರೈವರ್ ಇಳಿಸಲು ಇಂಟರ್ನೆಟ್ ಬೇಕು, ಇಂಟರ್ನೆಟ್ ಬರಲು ಡ್ರೈವರ್ ಬೇಕು! ಆಗ ಫೋನನ್ನು ಚಾರ್ಜರ್ ವೈರಿನಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಆ ಹೊತ್ತಿಗೆ ಕೆಲಸ ನಡೆಯುತ್ತೆ.

ಇವಿಷ್ಟನ್ನೂ ಅಕ್ಕ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದಾಳೆ. ಶನಿವಾರ ಸ್ಕೂಲು ಬಿಟ್ಟ ಮೇಲೆ ಅಪ್ಪನ ಜೊತೆ ಎಸ್.ಪಿ. ರೋಡಿಗೆ ಹೋಗುತ್ತೇವೆ.

– 7ನೇ ತರಗತಿ