ಕೆರೆಯ ಜೀವಿಗಳ ಆರೋಗ್ಯವನ್ನು ಪರೀಕ್ಷಿಸುವ ಕ್ರಮ

ನೀರಿನೊಳಗಣ ಕೇಡು ದಡದಲ್ಲಿ ನಿಂತವರಿಗೆ ಬೇಗನೆ ತಿಳಿಯದು. ಮುರುಡೇಶ್ವರದ ಎದುರಿಗೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಹವಳದ ಜೀವಿಗಳು ಬೆಳೆದಿರುವುವು. ಇಂತಹ ಹವಳಗಳ ಕ್ಷೇಮವನ್ನರಿಯಲು ಶಾಸ್ತ್ರಜ್ಞರು ನೀರಿನಡಿಯಲ್ಲಿ ಅಳತೆಯ ಪಟ್ಟಿಯನ್ನು ಹಾಸಿ, ಅದರ ಕೆಳಗೆ ಬರುವ ಸಜೀವ ಹವಳ, ಸತ್ತ ಹವಳ, ಪಾಚಿ, ಮರಳು ಇವುಗಳನ್ನು ಪ್ರತ್ಯೇಕವಾಗಿ ಬರೆದುಕೊಳ್ಳುವರು. ನೀರು ಮಿತಿಮೀರಿ ಬಿಸಿಯಾದರೆ ಹವಳವು ತನ್ನೊಳಗಣ ಸೂಕ್ಷ್ಮ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುವುದು. 1998ರಲ್ಲಿ ಅನೇಕ ಸಮುದ್ರಗಳಲ್ಲಿ ಹೀಗಾಯಿತು. ಹಿಂದಿನ ಲೆಕ್ಕವಿದ್ದರೆ ಮಾತ್ರ ಇಂತಹ ನಷ್ಟದ ಪ್ರಮಾಣವು ನಿಶ್ಚಯವಾಗುವುದು.

ಹಾರನಹಳ್ಳಿಯ ಸುತ್ತಣ ಕೆರೆಗಳಿಗೂ ಈ ಕ್ರಮವು ಸಲ್ಲುವುದು. ಹೊಲದ ಗೊಬ್ಬರವು ಮಳೆಯಲ್ಲಿ ಕೊಚ್ಚಿ ಕೆರೆಯನ್ನು ಸೇರಿದರೆ ಪಾಚಿಯು ಹೆಚ್ಚುವುದು. ರಾತ್ರಿಯಲ್ಲಿ ಪಾಚಿಯೂ ಉಸಿರಾಡುವುದರಿಂದ ಮುಂಜಾನೆಗೆ ನೀರಿನ ಆಮ್ಲಜನಕವು ಕುಗ್ಗಿ ಮೀನುಗಳು ಸಾಯಬಹುದು.

ಆದುದರಿಂದ ಗ್ರಾಮದ ಮುಖಂಡರು ತಿಂಗಳಿಗೊಮ್ಮೆ, ಗೊತ್ತುಪಡಿಸಿದ ಸ್ಥಳದಲ್ಲಿಯೇ, ಕೆಳಗಣ ಸಂಗತಿಗಳನ್ನು ಬರೆಯಿಸಿಡತಕ್ಕದ್ದು:

1. 20 ಸೆಂಟಿಮೀಟರ್ ಅಗಲದ, ಭಾರ ಕಟ್ಟಿದ ಬಿಳಿಯ ತಟ್ಟೆಯನ್ನು ಮಧ್ಯಾಹ್ನ ನೀರಿಗೆ ಇಳಿಬಿಟ್ಟಾಗ, ಅದು ಕಣ್ಮರೆಯಾಗುವ ಆಳ.

2. ದಡದುದ್ದಕ್ಕೂ ನೀರಿನ ಮೇಲೆ ಹಿಡಿದ ಹಗ್ಗದ ಪ್ರತಿಯೊಂದು ಗಂಟಿನ ಕೆಳಗೆ ಕಾಣುವುದು ತೆರಪಾದ ನೀರೋ, ಪಾಚಿಯೋ, ಅಂತರಗಂಗೆಯೋ ಎಂಬುದು.

3. ಮುಂಜಾನೆ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದುವೇ ಎಂಬುದು.

ಮಳೆಯ ಕೆಸರಿನಿಂದಲೂ ತಟ್ಟೆಯು ಬೇಗನೆ ಮರೆಯಾಗುವುದರಿಂದ, ಮಳೆ ಬಿದ್ದ ದಿನಗಳನ್ನೂ ಗುರುತಿಸಬೇಕು. ಒಬ್ಬರೇ ನೀರಿಗೆ ಇಳಿಯಕೂಡದು. ಮಳೆಯಿಲ್ಲದೆಯೂ ಆಳದ ಅಳತೆಯು ತಿಂಗಳು ತಿಂಗಳಿಗೆ ಕುಗ್ಗಿ ಪಾಚಿಯು ಹೆಚ್ಚುತ್ತಿದ್ದರೆ, ಜಮೀನುದಾರರು ಮಳೆಯ ಮುಂಚೆ ಗೊಬ್ಬರವೆರಚುವುದನ್ನು ಬಿಟ್ಟು, ಕೆರೆಗೆ ನೀರು ಬರುವ ಕಾಲುವೆಯ ಅಂಚಿನಲ್ಲಿ ಉಳದೆ ಹುಲ್ಲು ಬೆಳೆಯಗೊಡುವುದು ಶ್ರೇಯಸ್ಕರವು.