ನಮ್ಮನೆ ಶೀಟಿನ ಮೇಲೆ ಎಷ್ಟು ಕೊಡ ಮಳೆ ಬೀಳುತ್ತೆ?

ಮಳೆ ಬಂದರೆ ನಾವು "ಚೆನ್ನಾಗಿ ಹುಯ್ತು" ಅಂತೀವಿ, ಇಲ್ಲಾಂದ್ರೆ "ಬರೀ ಹನಿ ಉದುರಿತು" ಅಂತೀವಿ. ಎಷ್ಟು ಬಂತು ಅಂತ ಯಾರೂ ಹೇಳುವುದಿಲ್ಲ. ಆದರೆ ಮಳೆ ಅಳೆಯುವುದು ಬಹಳ ಸುಲಭ. ಅಪ್ಪ, ಅಮ್ಮ, ಅಜ್ಜಿ, ಮಕ್ಕಳು ಎಲ್ಲರೂ ಸೇರಿ ಮಾಡಬಹುದು. ನಮ್ಮ ಮನೆಯಲ್ಲಿ ಈ ವರ್ಷ ಮಾಡಿದ್ದೇವೆ.

ಇದಕ್ಕೆ ಬಾಯಿ ಮತ್ತು ತಳ ಒಂದೇ ಅಗಲ ಇರುವ ನೆಟ್ಟನೆ ಡಬ್ಬ ಬೇಕು. ಲೋಟ ಇಡಬಾರದು. ಲೋಟದ ಬಾಯಿ ಅಗಲ, ತಳ ಚಿಕ್ಕದು, ಅದಕ್ಕೇ ಬಿದ್ದ ಮಳೆಗಿಂತ ಜಾಸ್ತಿ ತೋರಿಸುತ್ತೆ. ಡಬ್ಬವನ್ನು ಬಯಲಿನಲ್ಲಿ ಇಡಬೇಕು. ಮರದ ಕೆಳಗೆ, ಸೂರಿನ ಪಕ್ಕ ಬೇಡ. ಕೋಳಿ ಉರುಳಿಸದ ಹಾಗೆ ಸುತ್ತ ಕಲ್ಲು ಒತ್ತಿ ಇಡಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲು ಇಳಿಸಿ ನೋಡಬೇಕು. ಹವಾಮಾನ ಇಲಾಖೆಯವರು ಅಳೆಯುವುದೂ 8.30ಕ್ಕೇ. ಸ್ಕೇಲಿನ ತುದಿಯಲ್ಲಿ ಸೊನ್ನೆಗೆ ಮುಂಚೆ ಸ್ವಲ್ಪ ಖಾಲಿ ಜಾಗ ಇರುತ್ತೆ, ಅದನ್ನೂ ಕೂಡಿಸಿಕೊಳ್ಳಿ.

ಇನ್ನು ಲೆಕ್ಕ. 1 ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಇದು ನೆನಪಿದ್ದರೆ ಸಾಕು. ನಮ್ಮ ಮನೆಯ ಶೀಟು ಮುಚ್ಚಿರುವ ನೆಲ 20 ಅಡಿ ಉದ್ದ, 15 ಅಡಿ ಅಗಲ. ನಾನು ಮತ್ತು ಅಪ್ಪ ಹಗ್ಗ ಹಿಡಿದು ಅಳೆದೆವು. 300 ಚದರ ಅಡಿ ಅಂದರೆ ಸುಮಾರು 28 ಚದರ ಮೀಟರ್. ಉತ್ತರೆ ಮಳೆಯಲ್ಲಿ ಒಂದು ರಾತ್ರಿ ಡಬ್ಬದಲ್ಲಿ 22 ಮಿಲಿಮೀಟರ್ ನಿಂತಿತ್ತು. 28ನ್ನು 22ರಿಂದ ಗುಣಿಸಿದರೆ 616 ಲೀಟರ್. ಎಗರಿ ಹೋಗುವುದು, ಸೋರುವುದು, ಶೀಟು ಕುಡಿಯುವುದು ಅಂತ ಐದರಲ್ಲಿ ಒಂದು ಪಾಲು ಕಳೆದರೂ ಸುಮಾರು 490 ಲೀಟರ್ ಉಳಿಯುತ್ತೆ. ನಮ್ಮ ಕೊಡಕ್ಕೆ 15 ಲೀಟರ್. ಅಂದರೆ 32 ಕೊಡ! ಅಮ್ಮ ನಂಬಲಿಲ್ಲ. ಇನ್ನೊಂದು ಸಲ ಗುಣಿಸು ಅಂದರು. ಗುಣಿಸಿದೆ, ಅಷ್ಟೇ ಬಂತು.

ಇದು ಬರೀ ಲೆಕ್ಕದ ಆಟ ಅಲ್ಲ. ನಮ್ಮ ಪಾವಗಡ ಸೀಮೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನೀರು ಆಳದ ಬಂಡೆಯ ಬಿರುಕಿನಲ್ಲಿ ಬಹಳ ಕಾಲ ನಿಂತು, ಕಲ್ಲಿನಲ್ಲಿರುವ ಫ್ಲೋರೈಡನ್ನು ಕರಗಿಸಿಕೊಳ್ಳುತ್ತೆ. 1 ಲೀಟರ್ ಕುಡಿಯುವ ನೀರಿನಲ್ಲಿ ಅದು 1.5 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು. ಜಾಸ್ತಿ ಇರುವ ನೀರನ್ನು ಚಿಕ್ಕ ವಯಸ್ಸಿನಲ್ಲಿ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟಿ ಬರುತ್ತೆ. ವರ್ಷಗಟ್ಟಲೆ ಕುಡಿದರೆ ಮೂಳೆ ಕೀಲು ಹಿಡಿದುಕೊಳ್ಳುತ್ತೆ. ಕಾಯಿಸಿದರೆ ಫ್ಲೋರೈಡ್ ಹೋಗುತ್ತೆ ಅಂತ ಕೆಲವರು ಅಂತಾರೆ, ಅದು ಸುಳ್ಳು. ನೀರು ಆವಿಯಾಗುತ್ತೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತೆ. ಮಳೆ ನೀರು ಬಂಡೆ ಮುಟ್ಟಿಲ್ಲ, ಅದಕ್ಕೇ ಅದರಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ.

ನನ್ನ ಹಲ್ಲಿನ ಪಟ್ಟಿ ಎಷ್ಟು ಉಜ್ಜಿದರೂ ಹೋಗಲ್ಲ, ನೀವೆಲ್ಲ ನೋಡಿದ್ದೀರಿ. ನಮ್ಮ ತಂಗಿಗೆ ಮೂರು ವರ್ಷ. ಹಾಲುಹಲ್ಲಿನ ಕೆಳಗೆ ವಸಡಿನ ಒಳಗೆ ಅವಳ ಮುಂದಿನ ಹಲ್ಲು ಈಗ ತಯಾರಾಗುತ್ತಾ ಇದೆ. ಅದಕ್ಕೇ ಮಳೆ ನೀರು ಮೊದಲು ಅವಳಿಗೆ ಅಂತ ಮನೆಯಲ್ಲಿ ತೀರ್ಮಾನ ಆಯಿತು.

ಹಿಡಿಯುವ ರೀತಿ ಹೀಗೆ. ಅಪ್ಪ ಹಳೇ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಸೂರಿಗೆ ತಂತಿಯಲ್ಲಿ ಕಟ್ಟಿದರು, ಡ್ರಮ್ಮಿನ ಕಡೆ ಸ್ವಲ್ಪ ಇಳಿಜಾರು. ಮಳೆಗಾಲಕ್ಕೆ ಮುಂಚೆ ಶೀಟು ಗುಡಿಸಬೇಕು. ಮೊದಲ ಎರಡು ಮೂರು ಕೊಡ ನೀರು ಹೊರಗೆ ಬಿಡಬೇಕು, ಅದರಲ್ಲಿ ಧೂಳು, ಹಕ್ಕಿ ಹಿಕ್ಕೆ ಇರುತ್ತೆ. ನಾವು ಅದನ್ನು ಕರಿಬೇವಿನ ಗಿಡಕ್ಕೆ ಬಿಡುತ್ತೇವೆ. ಆಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಬೇಕು. ಈ ಕೆಲಸ ನನ್ನದು, ರಾತ್ರಿ ಮಳೆ ಬಂದರೆ ಗೋಣಿ ಹೊದ್ದು ಏಳಬೇಕು! ಡ್ರಮ್ಮಿನ ಬಾಯಿಗೆ ನಾಲ್ಕು ಮಡಿಕೆ ಹತ್ತಿ ಬಟ್ಟೆ ಕಟ್ಟಬೇಕು. ಮಳೆ ನಿಂತ ಮೇಲೆ ಮುಚ್ಚಳ ಬಿಗಿಯಾಗಿ ಹಾಕಬೇಕು. ಬೆಳಕು ಹೋದರೆ ಪಾಚಿ ಕಟ್ಟುತ್ತೆ, ಸಂದಿ ಇದ್ದರೆ ಸೊಳ್ಳೆ ಮೊಟ್ಟೆ ಇಡುತ್ತೆ. ಕುಡಿಯುವ ಮುಂಚೆ ಕುದಿಸಿ ಆರಿಸಬೇಕು, ಅದು ರೋಗದ ಕ್ರಿಮಿ ಸಾಯಲಿಕ್ಕೆ. ಕಲ್ನಾರು ಶೀಟಿನ ನೀರು ಕುಡಿಯಲು ಬೇಡ, ಪಾತ್ರೆ ತೊಳೆಯಲು ಆಗುತ್ತೆ. ಔಷಧದ ಡ್ರಮ್ಮಂತೂ ಬೇಡವೇ ಬೇಡ.

ಅಜ್ಜಿ ಮಾತ್ರ ಮಳೆ ನೀರು ಸಪ್ಪೆ, ಬಾಯಿಗೆ ಹತ್ತಲ್ಲ ಅಂದರು. ಆದರೆ ಅದರಲ್ಲಿ ಬೇಳೆ ಬೇಗ ಬೇಯುತ್ತೆ ಅಂತ ಗೊತ್ತಾದ ಮೇಲೆ ಅವರೇ ಚೊಂಬು ಹಿಡಿದು ಬರುತ್ತಾರೆ.

ನಮ್ಮ ಡ್ರಮ್ಮು 200 ಲೀಟರಿನದು. 490ರಲ್ಲಿ 200 ಹಿಡಿದೆವು, ಉಳಿದದ್ದು ತುಂಬಿ ಹರಿದು ಹೋಯಿತು. ಐದು ಜನಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 20 ಲೀಟರ್ ಬೇಕು. ಒಂದು ಡ್ರಮ್ಮು ಎಲ್ಲರಿಗೂ ಆದರೆ ಹತ್ತೇ ದಿನ, ತಂಗಿಯ ಹಾಲು, ಗಂಜಿ, ಕುಡಿಯುವ ನೀರಿಗೆ ದಿನಕ್ಕೆ 4 ಲೀಟರ್ ಅಂದರೆ ಐವತ್ತು ದಿನ. ಅಪ್ಪ ಇನ್ನೊಂದು ಡ್ರಮ್ಮು ಕೇಳಿ ಬಂದಿದ್ದಾರೆ. ನಮ್ಮ ಶಾಲೆಯ ಮಾಳಿಗೆ ಇನ್ನೂ ದೊಡ್ಡದು. ಶನಿವಾರ ಟೇಪು ತಂದರೆ ಅಳೆಯೋಣ, ಮೇಷ್ಟ್ರು ಒಪ್ಪಿದ್ದಾರೆ. ಹಸ್ತೆ ಮಳೆಯ ಲೆಕ್ಕವನ್ನು ಮುಂದಿನ ತಿಂಗಳು ಇದೇ ಜಾಗದಲ್ಲಿ ಬರೆಯುತ್ತೇನೆ.